ಅನುಮೋದಿಸುವವರು ಯಾರು?

ನಮ್ಮ ಕ್ಲಬ್ಬಿನ ಅಧ್ಯಕ್ಷೆಗೆ ಎರಡೂ ಹೊಳ್ಳೆಗಳಲ್ಲಿ ಮೂಗುಬೊಟ್ಟು. ಸಿಟ್ಟು ಬಂದರೆ ಮೊದಲು ಅವು ಅಲುಗುತ್ತಿದ್ದವು, ಮಾತು ಆಮೇಲೆ. ಹುಟ್ಟಿದ್ದು ಪೂರಿಗಾಲಿ ಕಡೆಯ ಗದ್ದೆ ಇದ್ದವರ ಮನೆಯಲ್ಲಿ. ಮಳವಳ್ಳಿ ಪೇಟೆಯಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದರು. ಮೂಟೆಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರೆ ಅದೇ ನಮ್ಮ ಮಹಿಳಾ ಸೇವಾ ಕ್ಲಬ್ಬಿನ ಸಭಾಂಗಣ. ಬೆಳೆಗೆ ಹೊಡೆಯುವ ಔಷಧಿಯ ಘಾಟಿಗೆ ಸೀನುತ್ತಲೇ ನಾವು ಠರಾವು ಪಾಸು ಮಾಡುತ್ತಿದ್ದೆವು.

ನನ್ನನ್ನು ಕ್ಲಬ್ಬಿಗೆ ಸೇರಿಸಿದವರು ಅವರೇ. ನಾನು ಖಾಸಗಿ ಶಾಲೆಯೊಂದರಲ್ಲಿ ಟೀಚರು. ಗಂಡ ಬೈಕಿನಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು, ಮಕ್ಕಳಿಬ್ಬರೂ ಚಿಕ್ಕವರು. ಮನೆಯ ಒಲೆ ಉರಿಯುತ್ತಿದ್ದುದು ನನ್ನ ಸಂಬಳದಿಂದ. “ಮೇಷ್ಟ್ರಮ್ಮ, ಮನೆ ಚಿಂತೆ ಮನೇಲೆ ಬುಟ್ಟು ಬಾ” ಎಂದು ಗದರುವರು. ಗದರಿದ ಮೇಲೆ ಟೀ ತರಿಸುವರು.

ಅವರ ತಲೆಗೆ ಹೊಕ್ಕಿದ್ದುದು ಒಂದೇ ಹುಳ. ಸಂತೆಯಲ್ಲಿ ಸೊಪ್ಪು, ತರಕಾರಿ ಮಾರುವ ಹೆಂಗಸರಿಗೆ ಶೌಚಾಲಯ ಆಗಬೇಕು.

“ಒತ್ತಾರೆಯಿಂದ ಒಂದು ಗುಟುಕು ನೀರು ಕುಡಿಯಾಕಿಲ್ಲ ಕಣಮ್ಮಿ ಅವರು. ಯಾಕೆ ಗೊತ್ತಾ? ಕುಡುದ್ರೆ ಓಗಾಕೆ ಜಾಗ ಎಲ್ಲದೆ?”

ಕ್ಲಬ್ಬುಗಳ ಜಿಲ್ಲಾ ನಿಧಿಯಲ್ಲಿ ಹಣವಿತ್ತು. ಅದು ವರ್ಷ ವರ್ಷವೂ ಹಾರ, ಶಾಲು, ಹೆಸರು ಬರೆಸಿದ ವಾಟರ್ ಫಿಲ್ಟರುಗಳಿಗೆ ಹೋಗುತ್ತಿತ್ತು. “ಹಾರ ಆಕಿಸ್ಕಂಡ್ರೆ ಕತ್ತು ಕಡೀತದೆ, ಅಷ್ಟೆಯ” ಎನ್ನುವರು ನಮ್ಮ ಅಧ್ಯಕ್ಷೆ. ನಿಧಿ ಎಲ್ಲಿಗೆ ಹೋಗಬೇಕೆಂದು ಹೇಳುವುದು ಜಿಲ್ಲಾಧ್ಯಕ್ಷೆಯಾದ್ದರಿಂದ, ತಾವೇ ಆ ಜಾಗದಲ್ಲಿ ಕೂರಬೇಕೆಂದು ಹಟ ಹಿಡಿದರು.

ಮಂಡ್ಯದ ಕಲ್ಯಾಣ ಮಂಟಪದಲ್ಲಿ ಜಿಲ್ಲಾ ಸಮ್ಮೇಳನ. ನನಗದು ಮೊದಲನೆಯದು. ಮಳವಳ್ಳಿಯವರಿಗೆಲ್ಲ ಗಿಣಿಹಸಿರು ಸೀರೆ, ಮದ್ದೂರಿನವರಿಗೆಲ್ಲ ನೇರಳೆ. ಬಾಗಿಲಲ್ಲಿ ಪನ್ನೀರು, ಕೈಗೊಂದು ಗುಲಾಬಿ. ನಾನು ಮದುವೆಗೆ ಬಂದ ಹಾಗೆ ಖುಷಿಯಲ್ಲಿದ್ದೆ.

ಅಲ್ಲಿ ಆಯ್ಕೆ ಅನ್ನುವುದು ಹೆಸರಿಗೆ ಮಾತ್ರ. ದೊಡ್ಡವರು ಮೊದಲೇ ಮಾತಾಡಿಕೊಂಡು ಒಬ್ಬರನ್ನು ಗೊತ್ತುಮಾಡಿರುತ್ತಾರೆ. ಸಭೆಯಲ್ಲಿ ಚಪ್ಪಾಳೆ ತಟ್ಟಿ ‘ಅವಿರೋಧ’ ಎನ್ನುವುದು ಪದ್ಧತಿ. ಆ ಸಲದ ಹೆಸರನ್ನು ಮೈಕಿನಲ್ಲಿ ಕೇಳಿ ನಾನು ತಲೆಯೆತ್ತಿದೆ. ನಮ್ಮ ಶಾಲೆ ನಡೆಸುವ ಮೇಡಂ! ಮೇ ತಿಂಗಳು ಬಂದರೆ ಯಾವ ಟೀಚರು ಉಳಿಯಬೇಕು, ಯಾರು ಮನೆಗೆ ಹೋಗಬೇಕು ಎಂದು ತೀರ್ಮಾನಿಸುವವರು ಅವರೇ. ನಮ್ಮ ಅಧ್ಯಕ್ಷೆ ತಮ್ಮ ಹೆಸರಿಗೆ ಅನುಮೋದನೆ ಕೊಡಲು ಮದ್ದೂರಿನ ಒಬ್ಬರನ್ನು ಕೇಳಿಕೊಂಡಿದ್ದರು. ನನ್ನನ್ನು ಯಾಕೆ ಕೇಳಲಿಲ್ಲವೆಂದು ಆಗ ಗೊತ್ತಾಯಿತು.

“ಬೇರೆ ಯಾರಾದರೂ ಇದ್ದೀರಾ?” ಮೈಕು ಹಿಡಿದಿದ್ದ ಹಿರಿಯರು ಶಾಸ್ತ್ರಕ್ಕೆ ಕೇಳಿದರು.

“ನಾ ಇವ್ನಿ” ಎಂದು ನಮ್ಮ ಅಧ್ಯಕ್ಷೆ ಎದ್ದರು.

ಚಪ್ಪಾಳೆಗೆ ಸಿದ್ಧವಾಗಿದ್ದ ಕೈಗಳು ಹಾಗೇ ನಿಂತವು. ನಮ್ಮ ಕಾರ್ಯದರ್ಶಿ ಸಣ್ಣ ದನಿಯಲ್ಲಿ ಹೆಸರು ಸೂಚಿಸಿ ಕೂತುಬಿಟ್ಟರು.

“ಅನುಮೋದಿಸುವವರು ಯಾರು?”

ಮದ್ದೂರಿನವರು ವ್ಯಾನಿಟಿ ಬ್ಯಾಗಿನೊಳಗೆ ಏನನ್ನೋ ಹುಡುಕತೊಡಗಿದರು. ನಮ್ಮ ಸಾಲಿನ ಉಳಿದವರ ಮಕ್ಕಳು, ಮೊಮ್ಮಕ್ಕಳು ಓದುತ್ತಿದ್ದುದು ಆ ಮೇಡಂ ಶಾಲೆಯಲ್ಲೇ. ಅವರೆಲ್ಲ ಸೀರೆಯ ನೆರಿಗೆ ಸರಿಮಾಡಿಕೊಂಡರು. ಹಿರಿಯರು ಮತ್ತೊಮ್ಮೆ ಕೇಳಿದರು. ವೇದಿಕೆಯ ಮೇಲಿಂದ ಮೇಡಂ ನಮ್ಮ ಸಾಲನ್ನೇ ನೋಡುತ್ತಿದ್ದರು. ನಮ್ಮವರು ಒಬ್ಬರೇ ನಿಂತಿದ್ದರು, ಬೆವರು ಕತ್ತಿಗೆ ಇಳಿದಿತ್ತು. ಹಿಂದೆ ಯಾರೋ ಕಿಸಕ್ಕೆಂದರು.

ಆ ನಗು ನನಗೆ ತಡೆಯಲಾಗಲಿಲ್ಲ. ಬಾಯಿ ಒಣಗಿತ್ತು. ಆದರೂ ಕೈ ಮೇಲಕ್ಕೆ ಹೋಯಿತು. ಕಿವಿಯ ಮಟ್ಟಕ್ಕೆ ಬಂದಿತ್ತೋ ಇಲ್ಲವೋ, ನಮ್ಮವರು ಸರಕ್ಕನೆ ನನ್ನ ಮುಂದೆ ಬಂದು, ವೇದಿಕೆಗೆ ನಾನು ಕಾಣದಂತೆ ಅಡ್ಡ ನಿಂತರು. ಮುಂಗೈ ಹಿಡಿದು ಕೆಳಕ್ಕೆ ಅದುಮಿದರು.

“ಇಳ್ಸು ಕೈಯ. ನಿನ್ ಒಲೆ ಆರ್ಸಿ ನಾ ಅಧ್ಯಕ್ಷೆ ಆಗಾಕಿಲ್ಲ.”

ಆಮೇಲೆ ವೇದಿಕೆಯ ಕಡೆ ತಿರುಗಿ, ಇಡೀ ಮಂಟಪಕ್ಕೆ ಕೇಳುವಂತೆ, “ನಾ ನಿಂತ್ಕಳಾಕಿಲ್ಲ ಬುಡಿ. ಚಪ್ಪಾಳೆ ತಟ್ಟಿ, ಊಟಕ್ಕೆ ಒತ್ತಾಯ್ತು!” ಎಂದರು. ಎಲ್ಲರೂ ನಕ್ಕರು. ಚಪ್ಪಾಳೆ ಬಿತ್ತು. ಅವರೂ ತಟ್ಟಿದರು.

ವಾಪಸು ಬರುವ ಬಸ್ಸಿನಲ್ಲಿ ನಾನು ಸಿಟ್ಟಿಗೆ ಅತ್ತುಬಿಟ್ಟೆ. “ಯಾಕಕ್ಕ ಹಂಗೆ ಮಾಡಿದ್ರಿ? ನಾನು ಎತ್ತಿದ್ನಲ್ಲ!”

“ಸಂತೆ ಎಂಗಸ್ರು ಇನ್ನೊಂದೊರ್ಸ ಕಾಯ್ತಾರೆ, ಅವರಿಗೆ ರೂಢಿಯದೆ. ನಿನ್ ಮಕ್ಳು ಕಾಯಾಕಿಲ್ಲ ಕಣವ್ವ” ಎಂದು ಕಿಟಕಿಯ ಕಡೆ ತಿರುಗಿಕೊಂಡರು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಟ್ಟಿ ಹೆಂಗಸು, ಅತ್ತದ್ದನ್ನು ನಾನು ಮೊದಲು ನೋಡಿರಲಿಲ್ಲ. ಆ ದಿನ ಅವರ ಮೇಲೆ ಹುಟ್ಟಿದ ಪ್ರೀತಿ ನನ್ನ ತಾಯಿಯ ಮೇಲೂ ಇತ್ತೋ ಇಲ್ಲವೋ, ಹೇಳಲಾರೆ.

ಮತ್ತೆ ಅವರು ನಿಲ್ಲಲಿಲ್ಲ. ಸಕ್ಕರೆ ಕಾಯಿಲೆ ಕಾಲಿಗೆ ಇಳಿಯಿತು, ಹೋದ ವರ್ಷ ತೀರಿಕೊಂಡರು. ಸಂತೆಯ ಹೆಂಗಸರು ಬುಟ್ಟಿಗಳನ್ನು ಅಲ್ಲಲ್ಲೇ ಬಿಟ್ಟು ಮಣ್ಣಿಗೆ ಬಂದಿದ್ದರು.

ನನ್ನ ಕೆಲಸ ಉಳಿಯಿತು, ಮಕ್ಕಳು ಓದಿದರು. ಶೌಚಾಲಯ ಇನ್ನೂ ಆಗಿಲ್ಲ. ಸೊಪ್ಪು ಕೊಳ್ಳಲು ಬಗ್ಗಿದಾಗ ಆ ಹೆಂಗಸರ ಒಣಗಿದ ತುಟಿ ನೋಡಲು ನನಗಾಗುವುದಿಲ್ಲ. ಇಷ್ಟು ವರ್ಷ ನಾನು ಉಂಡದ್ದು ಅವರ ಬಾಯಾರಿಕೆಯ ಅನ್ನ.

ಮೊನ್ನೆ ಮೇಡಂ ಕೋಣೆಗೆ ನಾನೇ ಹೋಗಿ, ಈ ಸಲದ ಸಮ್ಮೇಳನದಲ್ಲಿ ಜಿಲ್ಲಾಧ್ಯಕ್ಷೆ ಸ್ಥಾನಕ್ಕೆ ನಿಲ್ಲುತ್ತೇನೆಂದು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯೋಚನೆ ಮಾಡಿ ಹೇಳ್ತಿದ್ದೀರಾ?”

“ಮಾಡಿದ್ದೀನಿ ಮೇಡಂ” ಎಂದೆ. ಅಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.