ಕರೆಯಲು ಬಂದ ಅಣ್ಣ

ಬೇಸಿಗೆಯಲ್ಲಿ ನಮ್ಮೂರು ಗುಡ್ಡ, ಮಳೆಗಾಲದಲ್ಲಿ ನಡುಗಡ್ಡೆ. ಸವದತ್ತಿಯ ಕಡೆ ಮಲಪ್ರಭೆಯ ಹಿನ್ನೀರು ಏರಿತೆಂದರೆ ನಮ್ಮ ಬೆರಳೆಣಿಕೆಯ ಮನೆಗಳ ಸುತ್ತ ನೀರೋ ನೀರು. ಆಮೇಲೆ ಸಾಲೆಗೆ ಹೋಗುವ ಮಕ್ಕಳು, ಗಿರಣಿಗೆ ಹೋಗುವ ಜೋಳ, ಸಂತೆಗೆ ಹೋಗುವ ಮೀನು ಎಲ್ಲವೂ ದುಂಡನೆಯ ಹರಿಗೋಲಿನಲ್ಲೇ ದಾಟಬೇಕು. ನನ್ನ ತವರು ಸಿರಸಂಗಿ ಕಡೆಯದು. ತವರಿನವರು ಅಜ್ಜನ ಕಾಲಕ್ಕೇ ಮೀನಿನ ಬಲೆ ಬಿಟ್ಟು ಹೊಲದ ಕುಂಟೆ ಹಿಡಿದವರು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಹುಟ್ಟು ಹಾಕುವುದಿರಲಿ, ಹರಿಗೋಲಿನಲ್ಲಿ ನೆಟ್ಟಗೆ ಕೂರಲೂ ಬರುತ್ತಿರಲಿಲ್ಲ.

ಆ ವರ್ಷ ನಾಗರ ಪಂಚಮಿ ಬರಲೆಂದು ಜೀವ ಹಿಡಿದುಕೊಂಡು ಕಾದಿದ್ದೆ. ಮದುವೆಯ ನಂತರದ ಮೊದಲ ಪಂಚಮಿ. ತವರಿನ ಬೇವಿನ ಮರದ ಜೋಕಾಲಿ ಕನಸಿನಲ್ಲೂ ತೂಗುತ್ತಿತ್ತು. ಅತ್ತೆ ಬೇಡವೆನ್ನಲಿಲ್ಲ. ಆದರೆ ಅವರದೊಂದು ಪಟ್ಟು: ಕರೆಯಲು ಬಂದವರು ಹೊಸ್ತಿಲು ದಾಟಿ ಬಂದು, ಉಂಡು, ಸೊಸೆಯನ್ನು ಕರೆದುಕೊಂಡು ಹೋಗಬೇಕು. ದಂಡೆಯಲ್ಲಿ ನಿಂತು ಕೂಗಿದರೆ ಕಳಿಸುವುದಿಲ್ಲ.

ಹಬ್ಬದ ಹಿಂದಿನ ದಿನ ಅಣ್ಣನ ಫೋನ್ ಬಂತು. ಬೇಸಿಗೆಯ ಮದುವೆಗೆ ಅವನು ಬೈಕನ್ನು ನಮ್ಮ ಅಂಗಳದವರೆಗೂ ಓಡಿಸಿಕೊಂಡು ಬಂದಿದ್ದ. ಈಗಲೂ ಅದೇ ಧೈರ್ಯದಲ್ಲಿ ಬಂದು ಆಚೆ ದಂಡೆಯಲ್ಲಿ ನಿಂತಿದ್ದ.

"ತಂಗಿ, ನಿಮ್ಮೂರ ದಾರಿ ಎಲ್ಲಿ ಹೋತು?"

ನೀರೊಳಗಿದೆ, ಹರಿಗೋಲು ಕಳಿಸುತ್ತೇವೆ ಎಂದೆ. ಆ ಬುಟ್ಟಿಯಲ್ಲಿ ಕೂರುವುದು ತನ್ನಿಂದಾಗದು, ನೀನೇ ಈಚೆ ಬಾ ಎಂದ. ಎತ್ತಿನ ಕೋಡಿಗೆ ಅಂಜದ ಗಂಡಸು ನೀರಿಗೆ ಅಂಜಿದ್ದ. ಇತ್ತ ಅತ್ತೆಯೂ ಜಗ್ಗಲಿಲ್ಲ. ಇಬ್ಬರ ಹಟದ ನಡುವೆ ನನ್ನ ಪಂಚಮಿ ಮುಳುಗುತ್ತಿತ್ತು. ಗಂಡಸರೆಲ್ಲ ಬಲೆ ಎತ್ತಲು ಹೋಗಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಸೀದಾ ಹೋಗಿ ಸಣ್ಣ ಹರಿಗೋಲಿನ ಹಗ್ಗ ಬಿಚ್ಚಿ ಹತ್ತಿದೆ.

ದಂಡೆಗಳ ನಡುವೆ ಕೂಗಿದರೆ ಕೇಳುವಷ್ಟೇ ದೂರ. ಆದರೆ ನಾನು ಹುಟ್ಟು ಹಾಕಿದಂತೆಲ್ಲ ಹರಿಗೋಲು ಬೀಸುಕಲ್ಲಿನ ಹಾಗೆ ನಿಂತಲ್ಲೇ ತಿರುಗಿತು. ನೆರೆಮನೆಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಅತ್ತೆ ಮಾತ್ರ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ನಿಂತರು.

"ಬಾಜೂಕ ಹಾಕಬ್ಯಾಡ. ಮುಂದ ಹಾಕಿ ನಿನ್ನ ಕಡೆ ಎಳಿ. ನೀರ ನೋಡಬ್ಯಾಡ, ನಿಮ್ಮಣ್ಣನ ಮಾರಿ ನೋಡು."

ಅಣ್ಣನ ಮುಖ ನೋಡುತ್ತಾ ಎಳೆದೆ. ಸೊಟ್ಟಂಪಟ್ಟ ಸಾಗಿದರೂ ಆ ಮುಖ ಹತ್ತಿರ ಬಂತು. ತಂಗಿಯೇ ಬಂದು ನಿಂತ ಮೇಲೆ ಅವನು ಹತ್ತಲೇಬೇಕಾಯಿತು. ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ ಕೂತ. ನಮ್ಮ ದಂಡೆ ಮುಟ್ಟುವವರೆಗೂ ತೆರೆಯಲಿಲ್ಲ.

ಅತ್ತೆ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಬಡಿಸಿದರು. ಅಣ್ಣ ಹೊಟ್ಟೆ ತುಂಬ ಉಂಡ. ಆಮೇಲೆ ಅತ್ತೆ ನನಗೆ ಕುಂಕುಮ ಹಚ್ಚಿ, ಇನ್ನು ಕರೆದುಕೊಂಡು ಹೋಗಿರೆಂದು ಅವನಿಗೆ ಹೇಳಿದರು.

"ನಾ ಎಲ್ಲಿ ಕರಕೊಂಡ ಹೋಗ್ಲಿರಿ ಅತ್ತಿ? ಇಕೀನ ನನ್ನ ಕರಕೊಂಡ ಹೊಂಟಾಳ," ಎಂದ ಅಣ್ಣ.

ಅತ್ತೆಗೂ ನಗು ತಡೆಯಲಾಗಲಿಲ್ಲ. ದಂಡೆಯವರೆಗೂ ಬಂದು ನನ್ನ ಕೈಗೆ ಹುಟ್ಟು ಕೊಟ್ಟರು.

"ಹರಗೋಲ ಆ ದಂಡಿಗೇ ಕಟ್ಟಿ ಹೋಗು. ತಿರುಗಿ ಬರೂವಾಗ ನಿನ್ನ ಕರಿಯಾಕ ಯಾರೂ ಬರೂದಿಲ್ಲ ನೋಡವಾ. ತನ್ನ ಮನಿಗೆ ಬರಾಕ ಕರಿಯೂದು ಯಾಕ ಬೇಕು?"

ನಡುನೀರಿಗೆ ಬರುವಷ್ಟರಲ್ಲಿ ನನ್ನ ಕಣ್ಣು ತುಂಬಿ ಹರಿಯುತ್ತಿತ್ತು. ಪುಣ್ಯಕ್ಕೆ ಅಣ್ಣ ಕಣ್ಣು ಮುಚ್ಚಿಕೊಂಡೇ ಇದ್ದ.