ನಲವತ್ತು ಸಾವಿರ ಹುಳು, ಒಬ್ಬಳು ಸೊಸೆ

ಕೆಂಚಾರ್ಲಹಳ್ಳಿಯ ಚೆನ್ನರಾಯಪ್ಪನವರ ಸೊಸೆ ಜ್ಯೋತಿಲಕ್ಷ್ಮಿಗೆ ಸಿಟ್ಟು ಜಾಸ್ತಿ ಎಂದು ಊರಿನವರು ಹೇಳುತ್ತಾರೆ. ಹೌದು, ಜಾಸ್ತಿಯೇ. ಆದರೆ ಅದನ್ನು ಅವಳು ತವರಿನಿಂದ ತಂದದ್ದಲ್ಲ. ತವರಿನಿಂದ ತಂದದ್ದು ಒಂದು ಬೀರು, ಎರಡು ಸೂಟ್‌ಕೇಸು ಮತ್ತು ಚಿಂತಾಮಣಿಯ ಕಾಲೇಜಿನ ಬಿ.ಎಸ್ಸಿ. ಡಿಗ್ರಿ. ಸಿಟ್ಟು ಸಿಕ್ಕಿದ್ದು ಇಲ್ಲೇ, ಗಂಡನ ಮನೆಯಲ್ಲಿ, ಕಂತು ಕಂತಾಗಿ.

ಅವಳಪ್ಪ ಶಿಡ್ಲಘಟ್ಟದ ಕಡೆ ಒಂದು ಹೈಸ್ಕೂಲಿನಲ್ಲಿ ಜವಾನರಾಗಿದ್ದರು. ಬೆಲ್ಲು ಹೊಡೆಯುವ ಕೆಲಸ ಮಾಡುತ್ತಲೇ ಮಗಳನ್ನು ಓದಿಸಿದರು. ಡಿಗ್ರಿಯಲ್ಲಿ ಅವಳಿಗೆ ಹುಚ್ಚು ಹಿಡಿಸಿದ್ದು ಪ್ರಾಣಿಶಾಸ್ತ್ರ. ಸಂಹಿತಾ ಮೇಡಂ ಎಂಬ ಅಧ್ಯಾಪಕಿ ಬೋರ್ಡಿನ ತುಂಬ ಒಂದು ನರಕೋಶ ಬರೆದು, "ನರದಲ್ಲಿ ಕರೆಂಟ್ ಹರಿಯುತ್ತೆ ಅಂತ ಬರೆದು ಕೈ ತೊಳ್ಕೋಬೇಡಿ. ಹೇಗೆ ಹುಟ್ಟುತ್ತೆ ಅದನ್ನ ಬರೀರಿ" ಎಂದು ಗದರುತ್ತಿದ್ದರು. ಜ್ಯೋತಿಲಕ್ಷ್ಮಿ ಬರೆಯುತ್ತಿದ್ದಳು. ಮುಂದೆ ಒಂದು ವರ್ಷ ಖಾಸಗಿ ಶಾಲೆಯಲ್ಲಿ ಅದನ್ನೇ ಹೇಳಿಯೂ ಕೊಟ್ಟಳು. ಆಮೇಲೆ ಮದುವೆ. ಆಮೇಲೆ ಹುಳು.

ರೇಷ್ಮೆ ಹುಳುವನ್ನು ಮೊದಲ ದಿನ ನೋಡಿದಾಗ ಅವಳಿಗೆ ಅಸಹ್ಯವಾಗಲಿಲ್ಲ, ಖುಷಿಯಾಯಿತು. ಆರು ವರ್ಷದಲ್ಲಿ ಅವಳ ಕೈಗೆ ಹುಳು ಎಷ್ಟು ಒಗ್ಗಿತೆಂದರೆ, ಸೊಪ್ಪು ಮೇಯುವ ಸದ್ದು ಕೇಳಿಯೇ ಹೊಟ್ಟೆ ತುಂಬಿದೆಯೋ ಇಲ್ಲವೋ ಹೇಳುತ್ತಿದ್ದಳು. ಗೂಡು ಚೆನ್ನಾಗಿ ಬಂದಾಗ ಚೆನ್ನರಾಯಪ್ಪ ಊರಿನಲ್ಲಿ "ನನ್ನ ಕೈಗುಣ" ಎನ್ನುತ್ತಿದ್ದರು. ಅದಕ್ಕೂ ಅವಳು ಸುಮ್ಮನಿದ್ದಳು. ಸುಮ್ಮನಿದ್ದದ್ದೇ ತಪ್ಪಾಯಿತು.

ಈ ಸಲ ತಂದದ್ದು ನೂರು ಮೊಟ್ಟೆಯ ಹುಳು. ಒಂದು ಚಿಟ್ಟೆ ಇಡುವ ರಾಶಿಗೇ ಇಲ್ಲಿ ಒಂದು ಮೊಟ್ಟೆ ಎನ್ನುತ್ತಾರೆ, ಅಂದರೆ ಹತ್ತಿರ ಹತ್ತಿರ ನಲವತ್ತು ಸಾವಿರ. ನಾಲ್ಕನೇ ಸಲ ಪೊರೆ ಬಿಟ್ಟು ಎದ್ದು, ದೊಡ್ಡ ಹಸಿವಿಗೆ ಬಿದ್ದಿದ್ದವು. ಆ ಹಸಿವಿನ ದಿನಗಳಲ್ಲಿ ಹುಳುಮನೆಗೆ ಒಂದು ಹೊತ್ತು ತಪ್ಪಿಸುವಂತಿಲ್ಲ. ಗಂಡ ಮುನೇಶ್ ಚಿಂತಾಮಣಿಯ ಟ್ರ್ಯಾಕ್ಟರ್ ಶೋರೂಮಿಗೆ ಹೋಗಿದ್ದ. ಮಾವ ಬೆಳಿಗ್ಗೆಯೇ ಸೊಪ್ಪು ಕೊಯ್ದು, ಬಾಡದಂತೆ ನೀರು ಹೊಡೆದು ಸೊಪ್ಪಿನ ಕೋಣೆಯಲ್ಲಿಟ್ಟು ಹೊಲಕ್ಕೆ ಹೋಗಿದ್ದರು. ಅತ್ತೆ ರಾಮಲಕ್ಷ್ಮಮ್ಮನಿಗೆ ಮಂಡಿ ನೋವು, ಹುಳು ಸಾಕುವ ಅಂತಸ್ತಿನ ಅಟ್ಟಣೆ ಹತ್ತಲಾರರು. ಅವತ್ತೇ ಜ್ಯೋತಿಲಕ್ಷ್ಮಿ ಮುಟ್ಟಾದಳು. ಮುಟ್ಟಾದವಳು ಹುಳುಮನೆಯ ಹೊಸಿಲು ದಾಟಬಾರದು ಎಂಬುದು ಆ ಮನೆಯ ಕಟ್ಟಳೆ. ಹಸಿದ ಹುಳುವಿಗೆ ಕಟ್ಟಳೆ ಗೊತ್ತಿಲ್ಲ. ಅವಳು ಕೈಕಾಲು ತೊಳೆದು, ಸೋಂಕು ತಡೆಯಲೆಂದು ಬಾಗಿಲಲ್ಲಿ ಚೆಲ್ಲಿದ್ದ ಸುಣ್ಣ ತುಳಿದು ಒಳಗೆ ಹೋಗಿ, ಎಲ್ಲ ಅಟ್ಟಣೆಗೂ ಸೊಪ್ಪು ಹಾಕಿ ಬಂದಳು.

ಮಧ್ಯಾಹ್ನದ ಹೊತ್ತಿಗೆ ಹುಳು ಸಾಯಲು ಶುರುವಾಯಿತು.

ಮೊದಲು ಸೊಪ್ಪು ಬಿಟ್ಟವು. ಆಮೇಲೆ ಅಟ್ಟಣೆಯ ಅಂಚಿಗೆ ಹರಿದು, ತಲೆ ಎತ್ತಿ ಆ ಕಡೆ ಈ ಕಡೆ ಆಡಿಸತೊಡಗಿದವು. ಬಾಯಿಂದ ಹಸಿರು ನೀರು ಕಕ್ಕಿದವು. ಮೈ ಮುದುರಿಕೊಂಡು, ಬೆರಳುದ್ದದ ಹುಳು ಅರ್ಧ ಬೆರಳಾಯಿತು. ಸಂಜೆಗೆ ಮುಕ್ಕಾಲು ಪಾಲು ಹೋಗಿತ್ತು. ಚೆನ್ನರಾಯಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ರಾಮಲಕ್ಷ್ಮಮ್ಮ ಬಚ್ಚಲಿನ ಕಡೆ ಹೋಗಿ, ಒಗೆಯಲು ಇಟ್ಟ ಬಟ್ಟೆ ನೋಡಿ ವಾಪಸು ಬಂದರು.

"ಒಳಗೋಗಿದ್ದೇನೇ?"

"ಹೋಗಿದ್ದೆ ಅತ್ತೆ. ಹುಳ ಹಸ್ಕೊಂಡಿದ್ವು."

"ಅಯ್ಯೋ ದೇವುಡಾ! ಮನೆ ಹಾಳು ಮಾಡಿದ್ಯಲ್ಲೇ!"

ಚೆನ್ನರಾಯಪ್ಪ ಬಯ್ಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು. ಸಂಜೆ ಹಾಲು ಹಾಕಲು ಡೈರಿಗೆ ಹೋದವರು, ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಇಪ್ಪತ್ತು ಜನರ ಎದುರು, "ಸೊಸೆ ಮೈಲಿಗೇಲಿ ಒಳಗೋದ್ಲು, ಬೆಳೆ ಪೂರ್ತಿ ಹೋಯ್ತು" ಎಂದು ಬಂದರು. ಕತ್ತಲಾಗುವುದರೊಳಗೆ ಊರಿಗೆಲ್ಲ ತಿಳಿಯಿತು. ನಾಳೆಯಿಂದ ಅವಳು ಹುಳುಮನೆಯ ಹತ್ತಿರ ಸುಳಿಯಕೂಡದು, ಹೊಸ ಹುಳುವನ್ನು ಮುನೇಶನ ಚಿಕ್ಕಮ್ಮ ಬಂದು ನೋಡಿಕೊಳ್ಳುತ್ತಾಳೆ ಎಂದು ತೀರ್ಮಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಬರೆಯೂ ಎಷ್ಟು ಬೇಗ ಕಾದು ತಯಾರಾಗಿತ್ತು ನೋಡಿ!

ಜ್ಯೋತಿಲಕ್ಷ್ಮಿ ಅಳಲಿಲ್ಲ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಉರಿಯುವ ಮೈಯೊಳಗೂ ಅವಳ ತಲೆ ಹುಳುವಿನ ಮೇಲೇ ಇತ್ತು. ರೋಗ ಬಂದ ಹುಳು ಹೀಗೆ ಸಾಯುವುದಿಲ್ಲ, ಕೊಳೆತು ದಿನಗಟ್ಟಲೆ ಸಾಯುತ್ತದೆ. ತಲೆ ಆಡಿಸಿ, ಕಕ್ಕಿ, ಮುದುರಿ, ಅರ್ಧ ದಿನದಲ್ಲಿ ಸಾಯುವುದು ನರಕ್ಕೆ ವಿಷ ತಗುಲಿದರೆ ಮಾತ್ರ. ಮುಟ್ಟು ನರಕ್ಕೆ ತಗುಲುವ ವಿಷವಲ್ಲ.

ಸಂಹಿತಾ ಮೇಡಂ ಬೋರ್ಡಿನ ಮೇಲೆ ಬರೆದದ್ದು ಅವಳಿಗೆ ಗೆರೆ ಗೆರೆಯೂ ನೆನಪಿತ್ತು. ನರಕೋಶದ ಪೊರೆಯ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಸುಮ್ಮನಿರುವಾಗ ಕೋಶದ ಒಳಭಾಗ ಹೊರಗಿಗಿಂತ ಸುಮಾರು ಎಪ್ಪತ್ತು ಮಿಲಿವೋಲ್ಟು ಕಡಿಮೆ. ಸುದ್ದಿ ಬಂದ ಕಡೆ ಪೊರೆಯ ಪುಟ್ಟ ಬಾಗಿಲುಗಳು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ, ಅಲ್ಲಿ ವಿದ್ಯುತ್ತು ತಿರುಗಾಮುರುಗಾ ಆಗುತ್ತದೆ. ಆ ಏಟಿಗೆ ಪಕ್ಕದ ಬಾಗಿಲು ತೆರೆಯುತ್ತದೆ, ಆಮೇಲೆ ಅದರ ಪಕ್ಕದ್ದು. ಹಿಂದೆಯೇ ಪೊಟ್ಯಾಸಿಯಂ ಹೊರಗೆ ಹೋಗಿ ಎಲ್ಲ ಮೊದಲಿನಂತಾಗುತ್ತದೆ. ಮಕ್ಕಳು ಇಟ್ಟಿಗೆ ಸಾಲಾಗಿ ನಿಲ್ಲಿಸಿ ಮೊದಲನೆಯದನ್ನು ತಳ್ಳುತ್ತಾರಲ್ಲ, ಹಾಗೆ. ಇಲ್ಲಿ ಬಿದ್ದ ಇಟ್ಟಿಗೆ ತಾನೇ ಎದ್ದು ನಿಲ್ಲುತ್ತದೆ, ಅಷ್ಟೇ.

ಕೋಶದ ತುದಿಗೆ ಬಂದರೆ ಒಂದು ಸಣ್ಣ ಕಂದರ. ವಿದ್ಯುತ್ತು ಅದನ್ನು ಹಾರಲಾರದು. ಆಗ ತುದಿಯ ಚೀಲಗಳು ಒಡೆದು ಅಸಿಟೈಲ್‌ಕೋಲಿನ್ ಎಂಬ ರಸ ಹೊರಬೀಳುತ್ತದೆ, ಕಂದರ ದಾಟಿ ಆಚೆಯ ಕೋಶವನ್ನು ಎಬ್ಬಿಸುತ್ತದೆ. ಎಬ್ಬಿಸಿದ ಮೇಲೆ ಅದು ಅಲ್ಲಿ ನಿಲ್ಲಬಾರದು. ಅದನ್ನು ಆ ಕ್ಷಣವೇ ಒಡೆದು ಗುಡಿಸುವ ಒಂದು ಕಿಣ್ವ ಇದೆ. ಹೊಲಕ್ಕೆ ಹೊಡೆಯುವ ಎಷ್ಟೋ ಕೀಟನಾಶಕಗಳು ಕೊಲ್ಲುವುದು ಹುಳುವನ್ನಲ್ಲ, ಆ ಗುಡಿಸುವ ಕಿಣ್ವವನ್ನು. ಆಮೇಲೆ ಸುದ್ದಿ ನಿಲ್ಲುವುದೇ ಇಲ್ಲ. ಬಾಗಿಲ ಬೆಲ್ಲು ಒತ್ತಿದವನು ಬೆರಳು ತೆಗೆಯದೆ ನಿಂತಂತೆ, ಕೋಶ ಕೋಶವೂ ಬಡಿದುಕೊಂಡೇ ಇರುತ್ತದೆ. ಹುಳು ತಲೆ ಆಡಿಸುವುದು ಅದಕ್ಕೇ.

ವಿಷ ಬಂದದ್ದು ಎಲ್ಲಿಂದ? ಪಕ್ಕದವರ ಟೊಮೇಟೊ ತೋಟದ ಔಷಧಿ ಗಾಳಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದಿರಬೇಕು ಎಂದುಕೊಂಡಳು. ನಾವು ಅದನ್ನು ಔಷಧಿ ಎನ್ನುತ್ತೇವೆ, ಅದೂ ಒಂದು ಚೆಂದ.

ಮಾರನೇ ಬೆಳಿಗ್ಗೆ ಎದುರು ಬೀದಿಯ ಅಮ್ಮಾಜಮ್ಮನ ಮನೆಗೆ ಹೋದಳು. ಅಲ್ಲೂ ಅದೇ ವಯಸ್ಸಿನ ಹುಳು ಮೇಯುತ್ತಿದ್ದವು.

"ಅಮ್ಮಾಜಕ್ಕ, ಇಪ್ಪತ್ತು ಹುಳ ಕೊಡಿ. ಪರೀಕ್ಷೆ ಮಾಡ್ಬೇಕು."

"ಅಲ್ಲೇ, ಅಲ್ಲೇ ನಿಂತ್ಕೊಳಮ್ಮ! ಬಾಗಿಲ ಹತ್ರ ಬರಬ್ಯಾಡ," ಎಂದು ಅಮ್ಮಾಜಮ್ಮ ಕೂಗಿದರು. ಆದರೂ ಪೇಪರಿನಲ್ಲಿ ಇಪ್ಪತ್ತು ಹುಳು ಸುತ್ತಿ, ಅಂಗಳದ ಕಲ್ಲಿನ ಮೇಲಿಟ್ಟು ಒಳಗೆ ಹೋದರು. ನಾಯಿಗೆ ಅನ್ನ ಇಡುವಂತೆ ಇಟ್ಟರು. ಜ್ಯೋತಿಲಕ್ಷ್ಮಿ ಹಲ್ಲು ಕಚ್ಚಿ ಎತ್ತಿಕೊಂಡಳು.

ಮನೆಯ ಜಗಲಿಯ ಮೇಲೆ ಎರಡು ಮೊರ ಇಟ್ಟಳು. ಮುನೇಶ್ ರಜೆ ಹಾಕಿ ಮನೆಯಲ್ಲೇ ಇದ್ದ. ಮಾವ, ಅತ್ತೆ ಇಬ್ಬರನ್ನೂ ಕರೆದು ಕೂರಿಸಿದಳು. ಒಂದು ಮೊರಕ್ಕೆ ಪಕ್ಕದವರ ಟೊಮೇಟೊ ತೋಟದ ಅಂಚಿನ ಹಿಪ್ಪುನೇರಳೆಯಿಂದಲೇ ಆಗ ಕಿತ್ತು ತಂದ ಸೊಪ್ಪು. ಇನ್ನೊಂದಕ್ಕೆ ನಿನ್ನೆ ಹಾಕಿ ಮಿಕ್ಕಿದ್ದ, ಸೊಪ್ಪಿನ ಕೋಣೆಯಲ್ಲಿ ಗೋಣಿಚೀಲದಡಿ ಇದ್ದ ಸೊಪ್ಪು. ಹತ್ತು ಹತ್ತು ಹುಳು ಬಿಟ್ಟಳು. ಎರಡು ಮೊರದಲ್ಲೂ ಹುಳು ಸಾಯುತ್ತವೆ, ವಿಷ ತೋಟದಿಂದಲೇ ಬಂದದ್ದು, ಪಕ್ಕದವರ ಔಷಧಿ ಎಂದು ತೋರಿಸುತ್ತೇನೆ ಎಂಬ ನಂಬಿಕೆ ಅವಳಿಗೆ.

ಎರಡು ಗಂಟೆ ಕಳೆಯಿತು. ತೋಟದ ಸೊಪ್ಪಿನ ಹುಳು ಚರಚರ ಮೇಯುತ್ತಿದ್ದವು. ಕೋಣೆಯ ಸೊಪ್ಪಿನ ಹುಳು ಒಂದೊಂದಾಗಿ ತಲೆ ಎತ್ತಿದವು.

ತೋಟದಲ್ಲಿ ಸರಿಯಿದ್ದ ಸೊಪ್ಪು ಮನೆಗೆ ಬಂದ ಮೇಲೆ ಕೆಟ್ಟಿದೆ. ಜ್ಯೋತಿಲಕ್ಷ್ಮಿ ನಿಧಾನವಾಗಿ ಮಾವನ ಕಡೆ ತಿರುಗಿದಳು.

"ಮಾವ, ಸೊಪ್ಪು ಬಾಡದಂಗೆ ನೀರು ಹೊಡೆದಿದ್ರಲ್ಲ, ಯಾತರಲ್ಲಿ ಹೊಡೆದ್ರಿ?"

ಚೆನ್ನರಾಯಪ್ಪ ಕೆಮ್ಮಿದರು. "ಕೈಯಲ್ಲಿ ಚಿಮುಕಿಸಿದ್ರೆ ಸರಿಯಾಗಿ ಬೀಳಲ್ಲ ಅಂತ... ಬೆನ್ನಿಗೆ ಹಾಕ್ಕೊಳ್ಳೋ ಪಂಪಲ್ಲಿ ಹೊಡ್ದೆ."

"ನಮ್ಮ ಟೊಮೇಟೊಗೆ ಔಷಧಿ ಹೊಡೆಯೋ ಪಂಪಾ?"

"ಮೂರು ಸಲ ತೊಳ್ದಿದ್ದೆ ಕಣಮ್ಮ."

ಮೂರು ಸಲವಂತೆ! ಪೈಪಿನೊಳಗೆ, ವಾಷರಿನ ಸಂದಿಯಲ್ಲಿ ಉಳಿದ ನಾಲ್ಕು ಹನಿ ಸಾಕಲ್ಲ ನಲವತ್ತು ಸಾವಿರಕ್ಕೆ.

"ಹುಳದ ಮಾತು ಬಿಡಿ," ಎಂದಳು ಅವಳು. "ಆ ಔಷಧಿ ಹೊಡೆದ ಸಂಜೆ ನಿಮಗೆ ಬಾಯಲ್ಲಿ ನೀರು ಸುರಿಯುತ್ತೆ, ಕಣ್ಣು ಮಂಜಾಗುತ್ತೆ, ಬಿಸಿಲಿಗೆ ಅಂತೀರಲ್ಲ. ಬಿಸಿಲಲ್ಲ ಮಾವ. ಹುಳಕ್ಕೂ ನಿಮಗೂ ನರದಲ್ಲಿ ಇರೋದು ಒಂದೇ ರಸ. ಮೂಗಿಗೆ ಬಟ್ಟೆ ಕಟ್ಕೊಳಿ, ಕೈಗೆ ಗ್ಲೌಸ್ ಹಾಕ್ಕೊಳಿ ಅಂತ ಎಷ್ಟು ಸಲ ಬಡ್ಕೊಂಡೆ?"

ಚೆನ್ನರಾಯಪ್ಪ ತಲೆ ತಗ್ಗಿಸಿದರು. ಇಲ್ಲಿಗೆ ಮುಗಿದಿದ್ದರೆ ಅವಳೂ ಮುಗಿಸುತ್ತಿದ್ದಳೇನೋ. ಆದರೆ ರಾಮಲಕ್ಷ್ಮಮ್ಮ ಮಂಡಿ ಹಿಡಿದು ಎದ್ದರು.

"ಆಯ್ತು, ಪಂಪಿಂದಾನೇ ಅನ್ಕೊ. ಇಷ್ಟು ವರ್ಷ ಇಲ್ಲದ ಬುದ್ಧಿ ಅವರಿಗೆ ನಿನ್ನೇನೇ ಯಾಕೆ ಬಂತು? ಮನೇಲಿ ಮೈಲಿಗೆ ಇದ್ದಿದ್ದಕ್ಕೆ ತಾನೆ?"

ಜ್ಯೋತಿಲಕ್ಷ್ಮಿ ಗಂಡನ ಮುಖ ನೋಡಿದಳು. ಮುನೇಶ್ ಕೆಟ್ಟವನಲ್ಲ. ಕೆಟ್ಟವನಲ್ಲದ ಗಂಡಸರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ಅದನ್ನೇ ಅವನೂ ಮಾಡಿದ. "ಬಿಡು ಜ್ಯೋತಿ. ನಮಗೆ ಗೊತ್ತಾಯ್ತಲ್ಲ, ಸಾಕು. ಊರಿಗೆ ಹೇಳಿ ಅಪ್ಪನ ಮರ್ಯಾದೆ ಯಾಕೆ ಕಳೀಬೇಕು?"

"ನನ್ನ ಮರ್ಯಾದೆ?"

"ನಿಂದೇನು, ನಾಲ್ಕು ದಿನ ಮಾತಾಡ್ಕೊಂಡು ಮರೀತಾರೆ."

ಪಿತ್ತ ನೆತ್ತಿಗೇರಿತು. ತಿಳಿಯದೆ ಹೊರಿಸಿದ ತಪ್ಪನ್ನು ಕ್ಷಮಿಸಬಹುದು. ತಿಳಿದ ಮೇಲೂ ನೀನೇ ಹೊತ್ತುಕೊಂಡಿರು ಎನ್ನುವವರನ್ನು ಏನು ಮಾಡಬೇಕು? ಅವಳು ಕೊಟ್ಟಿಗೆಯ ಗೋಡೆಗೆ ನೇತುಹಾಕಿದ್ದ ಪಂಪು ಇಳಿಸಿದಳು. ಅಂದಿನ ಸಂಜೆ ಮಾವ ಹಾಲಿನ ಕ್ಯಾನು ಹಿಡಿದು ಮುಂದೆ ಹೋದರೆ, ಸೊಸೆ ಪಂಪು ಕೈಯಲ್ಲಿ ಹಿಡಿದು ಹಿಂದೆ ಹೋದಳು. ಮುನೇಶ್ ಬಾಗಿಲವರೆಗೆ ಬಂದು ನಿಂತ.

ಡೈರಿಯ ಮುಂದೆ ಸಾಲು ಇತ್ತು. ಹಾಲು ಅಳೆಯುವ ಮೇಜಿನ ಮುಂದೆ ಅವಳು ಪಂಪನ್ನು ದಡಾರೆಂದು ಇಟ್ಟಳು.

"ನಿನ್ನೆ ಇಲ್ಲೇ ನಿಂತು ನಮ್ಮ ಮಾವ ಹೇಳಿದ್ರಲ್ಲ, ನಾನು ಹುಳ ಸಾಯಿಸಿದೆ ಅಂತ. ನಾನಲ್ಲ, ಇದು. ಟೊಮೇಟೊಗೆ ಹೊಡೆದ ಪಂಪಲ್ಲಿ ಸೊಪ್ಪಿಗೆ ನೀರು ಹೊಡೆದಿದ್ದಾರೆ. ಹುಳ ಬಿಟ್ಟು ನೋಡಿದೀನಿ."

ಸಾಲು ಗುಸುಗುಸು ಎಂದಿತು. "ಮಾವನ ಮುಂದೆ ಇಷ್ಟು ಬಾಯಾ?" ಎಂದು ಯಾರೋ ಹಿಂದಿನಿಂದ ಹೇಳಿದರು. ಇನ್ನೊಬ್ಬರು ನಕ್ಕರು. ಚೆನ್ನರಾಯಪ್ಪ ಕ್ಯಾನಿನ ಮುಚ್ಚಳ ನೋಡುತ್ತಿದ್ದರು.

ಸಾಲಿನ ನಡುವಿನಿಂದ ಅಮ್ಮಾಜಮ್ಮ ಮುಂದೆ ಬಂದರು. "ನಾನು ಕೊಟ್ಟ ಹುಳ ಏನಾಯ್ತು?"

"ತೋಟದ ಸೊಪ್ಪು ತಿಂದವು ಚೆನ್ನಾಗವೆ. ನೀರು ಹೊಡೆದ ಸೊಪ್ಪು ತಿಂದವು ಹತ್ತಕ್ಕೆ ಹತ್ತೂ ಹೋದವು."

"ಹೆಂಗೆ ಹೋದವು? ತಲೆ ಆಡಿಸಿದ್ವಾ? ಹಸಿರು ಕಕ್ಕಿದ್ವಾ?"

"ಹೂಂ."

ಅಮ್ಮಾಜಮ್ಮ ಚೆನ್ನರಾಯಪ್ಪನ ಕಡೆ ತಿರುಗಿದರು. "ಚೆನ್ನರಾಯಣ್ಣ, ನಿಜ ಹೇಳಣ್ಣ. ಆ ಪಂಪಲ್ಲೇ ಹೊಡೆದ್ಯಾ?"

ಡೈರಿಯವನು ಹಾಲು ಅಳೆಯುವುದನ್ನು ನಿಲ್ಲಿಸಿದ. ಚೆನ್ನರಾಯಪ್ಪ ಕ್ಯಾನು ಕೆಳಗಿಟ್ಟು, "ಹೊಡೆದೆ ಕಣಮ್ಮ. ತಪ್ಪು ನಂದೇ. ಸೊಸೇದಲ್ಲ" ಎಂದರು.

ಜ್ಯೋತಿಲಕ್ಷ್ಮಿಗೆ ಗೆದ್ದೆ ಎನಿಸಬೇಕಿತ್ತು. ಎನಿಸಲಿಲ್ಲ, ಏಕೆಂದರೆ ಅಮ್ಮಾಜಮ್ಮ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತಿದ್ದರು.

"ನಮ್ಮ ಮನೇಲೂ ಅವಾಗ ಔಷಧಿ ಪಂಪಲ್ಲೇ ಸೊಪ್ಪಿಗೆ ನೀರು ಹೊಡೆದಿದ್ರು," ಎಂದರು ಅವರು, ಯಾರಿಗೂ ಅಲ್ಲದಂತೆ. "ಹೋದ ಶಿವರಾತ್ರಿ ಹೊತ್ತಲ್ಲಿ ನಮ್ಮ ಹುಳಾನೂ ಹಿಂಗೇ ತಲೆ ಆಡಿಸಿ ಆಡಿಸಿ ಸತ್ವು. ನಮ್ಮ ಸೊಸೆ ಕವಿತ ಮುಟ್ಟಲ್ಲಿ ಒಳಗೋಗಿದ್ದಕ್ಕೆ ಅಂತ ಹೊಡೆದು, ಕೂಸಿನ ಸಮೇತ ತವರಿಗೆ ಅಟ್ಟಿದ್ವಿ. ಹೋಗಿಲ್ಲ ನಾನು ಅಂತ ಕಾಲು ಹಿಡ್ಕೊಂಡ್ಲು. ಸುಳ್ಳಿ ಅಂದೆ."

ಹೆಂಗಸರಿಬ್ಬರು ಅವರನ್ನು ಹಿಡಿದು ಎಬ್ಬಿಸಲು ಬಂದರು, ಒಬ್ಬಳು ನೀರು ತಂದಳು. ಎಲ್ಲರಿಗೂ ಅಮ್ಮಾಜಮ್ಮನ ಮೇಲೆ ಕನಿಕರ ಉಕ್ಕಿ ಬಂತು. ಕವಿತ ಹೋದ ದಿನ ಈ ಊರಿನಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಜ್ಯೋತಿಲಕ್ಷ್ಮಿಯದೂ ತೆರೆದಿರಲಿಲ್ಲ. ಅದು ಅವಳಿಗೆ ಆ ಕ್ಷಣ ನೆನಪಾಗಿ, ಸಿಟ್ಟು ಮೊದಲ ಸಲ ಅವಳ ಕಡೆಗೇ ತಿರುಗಿತು.

"ನನ್ನ ಮುಂದೆ ಅಳಬೇಡಿ ಅಮ್ಮಾಜಕ್ಕ," ಎಂದಳು. "ಎದ್ದೇಳಿ. ಕವಿತ ಊರಿಗೆ ಹೋಗೋ ಶಿಡ್ಲಘಟ್ಟದ ಬಸ್ಸು ಇನ್ನೂ ಐತೆ. ಕವಿತ ಮನೆ ಬೀದಿಗೆ ಹೋಗಿ, ಅವರ ಊರವರೆಲ್ಲ ಕೇಳೋ ಹಂಗೆ ಹೇಳಿ. ನಾನೂ ಬರ್ತೀನಿ, ನಾನೂ ಹೇಳೋದಿದೆ."

ಅಮ್ಮಾಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಹಾಲಿನ ಕ್ಯಾನು ಅಲ್ಲೇ ಬಿಟ್ಟು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬಸ್ ಸ್ಟಾಪಿನ ಕಡೆ ನಡೆದರು.