ಕುದುರೆ, ಸ್ಕೂಟರು ಮತ್ತು ಬಿಟ್ಟುಹೋದ ದೇಸೂರು

ನನ್ನ ಕುದುರೆಗೆ ಮೂರು ದಿನದಿಂದ ಯಾರೂ ನೀರು ಕುಡಿಸಿಲ್ಲ ಎಂಬ ಚಿಂತೆ ಆಫೀಸಿನಲ್ಲಿ ಕೂತಿದ್ದಾಗ ಬಂತು. ಕುದುರೆ ಇರುವುದು ಮಗಳ ಕಂಪ್ಯೂಟರಿನೊಳಗಿನ ಆಟದಲ್ಲಿ. ಅದಕ್ಕೆ ನೀರು ಬೇಡ, ಮೇವು ಬೇಡ, ಕಟ್ಟಿಹಾಕುವುದೂ ಬೇಡ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಚಿಂತೆ ಬಿಟ್ಟುಹೋಗುವುದಾಗಿದ್ದರೆ ಐವತ್ತೆರಡರ ಹೊತ್ತಿಗೆ ನನ್ನ ತಲೆ ಇಷ್ಟು ಬೋಳಾಗುತ್ತಿರಲಿಲ್ಲ.

ಆಟ ಹಚ್ಚಿಕೊಟ್ಟವಳು ಮಗಳೇ. ನನ್ನ ಬಿಪಿ ನೋಡಿದ ಡಾಕ್ಟರು, ಮನಸ್ಸಿಗೆ ಹಗುರಾಗುವ ಹವ್ಯಾಸ ಏನಾದರೂ ಇಟ್ಟುಕೊಳ್ಳಿ ಅಂದಿದ್ದರು. ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಸಂಜೆ ಒಂದು ತಾಸು ಈ ಆಟ ಆಡುತ್ತಾಳೆ. ಅವಳು ಬರುವವರೆಗೆ ಕುರ್ಚಿ ನನ್ನದು. ದೊಡ್ಡದೊಂದು ದೇಶ, ಅದರಲ್ಲಿ ಊರುಗಳು, ಹೊಳೆ, ಕಾಡು. ನಾವೊಬ್ಬ ವೀರನಾಗಿ ಎಲ್ಲಿ ಬೇಕಾದರೂ ತಿರುಗಬಹುದು. ನನ್ನ ವೀರ ಎರಡು ತಿಂಗಳಿಂದ ತಿರುಗುತ್ತಿದ್ದ, ಆದರೆ ಚೀಲದ ಭಾರಕ್ಕೆ ಓಡಲು ಆಗುತ್ತಿರಲಿಲ್ಲ. ಮುಂದೆ ಎಲ್ಲಾದರೂ ಉಪಯೋಗಕ್ಕೆ ಬಂದೀತೆಂದು ನಲವತ್ತು ರೊಟ್ಟಿ, ಒಂಬತ್ತು ಕತ್ತಿ, ಯಾರದೋ ಹಳೆಯ ಪಾತ್ರೆಗಳನ್ನೆಲ್ಲ ಅವನ ಚೀಲಕ್ಕೆ ತುಂಬಿದ್ದೆ.

ಮಗಳಿಗೆ ನನ್ನ ಆಟ ನೋಡಿದರೆ ಮೈ ಪರಚಿಕೊಳ್ಳುವಷ್ಟು ಸಿಟ್ಟು.

"ಅಪ್ಪಾ, ಹಿಂಗ ಊರಿಂದ ಊರಿಗೆ ಕುದರಿ ಮ್ಯಾಲ ಹೊಂಟ್ರ ನೀ ರಿಟೈರ್ ಆದ್ರೂ ಮುಗಿಯಂಗಿಲ್ಲ. ಫಾಸ್ಟ್ ಟ್ರಾವೆಲ್ ಐತಲ್ಲ? ನಕಾಶಿ ತಗಿ, ಊರಿನ ಮ್ಯಾಲ ಒತ್ತು. ಮುಟ್ಟಿದಿ."

"ನಡುವಿನ ದಾರಿ?"

"ಅದನ್ನ ಒಮ್ಮಿ ನೋಡಿದಿ ಅಲಾ? ಮತ್ತ ಅವ ಗಿಡ, ಅವ ಕಲ್ಲ. ನನಗ ದಿನಕ್ಕ ಸಿಗೂದು ಒಂದ್ ತಾಸು. ಅದರಾಗ ಅರ್ಧಾ ತಾಸು ಕುದರಿ ಓಡಿಸಿದ್ರ ಆಟ ಯಾವಾಗ ಆಡ್ಲಿ?"

"ಹಂಗಾರ ಅಷ್ಟ ದೊಡ್ಡ ದೇಶ ಯಾಕ ಕಟ್ಟಿದ್ರು? ಹಾರಿ ಹೋಗಾಕ?"

"ದಾರಿ ಬ್ಯಾಸರ ಬಂದ್ರ ದಾರಿ ಮಾಡಿದವರ ತಪ್ಪು. ಹಾರಿದವರ ತಪ್ಪಲ್ಲ."

ಅಡಿಗೆಮನೆಯಿಂದ ಹೆಂಡತಿಯ ದನಿ ಬಂತು: "ಅವರಿಗೇನ್ ಹೇಳ್ತಿ? ಕುದರಿ ಎಲ್ಲೆ ನಿಂತೈತಿ ಅಂದ್ರ ಗೊತ್ತಿರ್ತೈತಿ. ಗ್ಯಾಸ್ ಬಂದ್ ಮಾಡೀರೇನು ಅಂದ್ರ ಗೊತ್ತಿರಂಗಿಲ್ಲ."

ಕೊನೆಗೆ ಮಗಳ ಕಾಟಕ್ಕೆ ಒಂದೇ ಒಂದು ಸಲ ನಕಾಶೆ ತೆಗೆದು, ಹಿಂದೊಮ್ಮೆ ಕಂಡಿದ್ದ ಕೋಟೆಯ ಊರಿನ ಮೇಲೆ ಒತ್ತಿದೆ. ಪರದೆ ಕಪ್ಪಾಯಿತು, ಬೆಳಗಾಯಿತು, ಕೋಟೆ ಬಾಗಿಲಲ್ಲಿದ್ದೆ. ಕಾವಲುಗಾರ ಕೇಳಿದ: "ಮುದ್ರೆ ಎಲ್ಲಿ?" ಮುದ್ರೆ ಕೊಡುವ ಮುದುಕಿ ದಾರಿಯ ದೋಣಿಗಟ್ಟೆಯಲ್ಲಿ ಕೂತಿದ್ದಳಂತೆ. ನಾನು ಅವಳ ತಲೆಯ ಮೇಲಿಂದ ಹಾರಿ ಬಂದಿದ್ದೆ. ಹನ್ನೊಂದು ಸಲ ಮಾತಾಡಿಸಿದೆ, ಹನ್ನೊಂದು ಸಲವೂ ಅವನು ಅದನ್ನೇ ಕೇಳಿದ. ಅಂದು ಕಂಪ್ಯೂಟರ್ ಬಂದ್ ಮಾಡುವಾಗ ನಾನು ಮಗಳ ಎದುರು ಗೆದ್ದವನ ಮುಖ ಮಾಡಿದ್ದು ಖರೆ.

ಅದೇ ವಾರ ಮಗಳ ನಿಶ್ಚಿತಾರ್ಥ ಗಟ್ಟಿಯಾಯಿತು. ಹುಡುಗ ನಮ್ಮೂರಿನದೇ ಸದಾಶಿವನಗರದವನು. ಬರುವ ಭಾನುವಾರ, ಅನಗೋಳದ ನಮ್ಮ ಮನೆಯಲ್ಲೇ. ಇಷ್ಟು ಬೇಗ ಎಂದು ನನಗೆ ಗಾಬರಿಯಾಯಿತು. ಆ ಗಾಬರಿಯಲ್ಲಿ, ಆಟದ ಕುದುರೆಯನ್ನೂ ನಡೆಸಿಕೊಂಡು ಹೋಗುವ ನಾನು, ಕರೆಯೋಲೆಯ ಚಿತ್ರವನ್ನು ನೆಂಟರ ವಾಟ್ಸಾಪ್ ಗುಂಪಿಗೆ ಒಗೆದುಬಿಟ್ಟೆ. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ಖಾನಾಪುರದ ನಮ್ಮ ಅಕ್ಕ ಮಾತ್ರ ನೋಡಿ ಸುಮ್ಮನಾದಳು. ಅವ್ವ ಹೋದ ಮೇಲೆ ನನಗೆ ತಲೆ ಬಾಚಿ ಸಾಲೆಗೆ ಕಳಿಸಿದವಳು. ಎರಡು ನೀಲಿ ಗೆರೆ, ಮುಂದೆ ಏನೂ ಇಲ್ಲ. ಒಂದು ದಿನ, ಎರಡು ದಿನ.

ಮಗಳು ಬಂದು ಹೇಳಿದಳು: "ಅಪ್ಪಾ, ನನ್ನ ಉಡಿ ತುಂಬಾಕಿ ಖಾನಾಪುರದ ಅತ್ತಿ. ಅತ್ತಿ ಬರಲಿಲ್ಲಂದ್ರ ನಾ ಮಣಿ ಮ್ಯಾಲ ಕುಂದ್ರಂಗಿಲ್ಲ. ನೀ ಏನರ ಮಾಡ್ಕೋ."

ಗುರುವಾರ ರಜೆ ಹಾಕಿ ಸ್ಕೂಟರ್ ತೆಗೆದೆ. ಚೀಲದಲ್ಲಿ ಕುಂಕುಮದ ಭರಣಿ, ಅಕ್ಕನಿಗೆ ಸೀರೆ, ಕುಂದಾ ಸಿಹಿಯ ಡಬ್ಬಿ, ಕೊಡೆ, ಮಳೆ ಇಲ್ಲದಿದ್ದರೂ ರೇನ್‌ಕೋಟು, ಇನ್ನೊಂದು ಹೆಲ್ಮೆಟ್ಟು, ಕೈ ತೊಳೆಯಲು ಒಂದು, ಕುಡಿಯಲು ಒಂದು ಬಾಟಲಿ ನೀರು. ಹೆಂಡತಿ ನೋಡಿ, "ಖಾನಾಪುರಕ್ಕ ಹೊಂಟೀರಿ, ಕಾಶಿಗಲ್ಲ" ಅಂದಳು. ಫೋನಿನ ನಕಾಶೆ ತೆರೆದು ಖಾನಾಪುರದ ಮೇಲೆ ಒತ್ತಿದೆ. ಹೊಸ ಹೆದ್ದಾರಿಯಲ್ಲಿ ಮುಕ್ಕಾಲು ತಾಸು ಅಂತ ತೋರಿಸಿತು.

ನಡುವೆ ದೇಸೂರಿನ ತಿರುವು ಬಂತು. ಅಲ್ಲಿ ನಮ್ಮ ಹಿರೇಮನೆ. ಈಗ ಅದರಲ್ಲಿರುವವರು ಎಂಬತ್ತು ದಾಟಿದ ನಮ್ಮ ಕಾಕಾ. ಒಳಗೆ ಹೋದರೆ ಕಾಕಾ ಎರಡು ತಾಸು ಬಿಡುವುದಿಲ್ಲ, ಅಷ್ಟರಲ್ಲಿ ಅಕ್ಕನ ಸಿಟ್ಟು ಇನ್ನೂ ಏರಿದರೆ? ಬರುವಾಗ ಹೇಳಿದರಾಯಿತು ಎಂದು ತಿರುವು ಬಿಟ್ಟು ಮುಂದೆ ಹೋದೆ.

ಖಾನಾಪುರದಲ್ಲಿ ಬಾಗಿಲು ತೆಗೆದವರು ಭಾವ. ಅವರ ಮನೆಮಾತು ಮರಾಠಿ. "ಯಾ ಯಾ, ಬಸಾ" ಎಂದು ನನ್ನನ್ನು ಕೂಡಿಸಿ, ಒಳಗಿನ ಹವಾಮಾನ ಗೊತ್ತಿದ್ದವರಂತೆ ಪೇಪರು ಹಿಡಿದು ಹಿತ್ತಲಿಗೆ ನಡೆದರು. ಅಕ್ಕ ಬಂದಳು. ನಾನು ಭರಣಿ ಮುಂದೆ ಹಿಡಿದೆ. ಅವಳು ಮುಚ್ಚಳ ತೆಗೆದು, ಕುಂಕುಮದಲ್ಲಿ ಬೆರಳಾಡಿಸಿ, ನನ್ನ ಮುಖ ನೋಡಿ ಕೇಳಿದಳು:

"ಕಾಳು ಎಲ್ಲಿ?"

ನಮ್ಮ ಮನೆತನದಲ್ಲಿ ಶುಭಕಾರ್ಯಕ್ಕೆ ಕರೆಯಲು ಹೊರಟವರು ಮೊದಲು ಹಿರೇಮನೆಗೆ ಹೋಗಬೇಕು. ಅಲ್ಲಿಯ ಹಿರಿಯರು ತಮ್ಮ ಕಣಜದ ಐದು ಭತ್ತದ ಕಾಳು ಭರಣಿಗೆ ಹಾಕುತ್ತಾರೆ. ಆ ಭರಣಿ ಹಿಡಿದೇ ಮುಂದಿನ ಮನೆಗಳಿಗೆ ಹೋಗುವುದು. ಅಪ್ಪ ಇದ್ದಾಗ ಈ ಕೆಲಸ ಅಪ್ಪನದು. ನಾನು ಬರೀ ಊಟಕ್ಕೆ ಹೋದವನು.

"ಅಕ್ಕಾ, ಹೊಳ್ಳಿ ಹೋಗೂ ಮುಂದ ಕಾಕಾನ ಕಡೆ..."

"ಕಾಳು ಎಲ್ಲಿ?"

"ರಸ್ತಾ ಹೊಸಾದ ಆಗೇತಲ್ಲ, ತಿರುವು ಹಿಂದ ಉಳೀತು."

"ಕಾಳು ಎಲ್ಲಿ ಅಂತ ಕೇಳಿದೆ ನಾ."

ಹನ್ನೊಂದು ಸಲ ಕೇಳುವವರೆಗೆ ಕಾಯುವ ಧೈರ್ಯ ಇರಲಿಲ್ಲ. ಹೆದರಿದವನ ಬುದ್ಧಿ ಅಡ್ಡದಾರಿಗೆ ಹೋಗುತ್ತದೆ. "ನಿಮ್ಮ ಮನ್ಯಾಗೂ ಭತ್ತ ಐತಲ್ಲ ಅಕ್ಕಾ, ಸದ್ಯಕ್ಕ ಒಂದೈದು ಕಾಳು..."

"ನನ್ನ ಮನಿ ಕಾಳು ಹಾಕಿ ನನ್ನನ್ನ ಕರೀತಿ?" ಅಕ್ಕ ಭರಣಿಯ ಮುಚ್ಚಳ ಹಾಕಿ ನನ್ನ ಕೈಗೆ ವಾಪಸು ಕೊಟ್ಟಳು. "ಇದು ನೀ ಒಬ್ಬ ಕರದದ್ದು. ಮನಿತನ ಕರದದ್ದಲ್ಲ. ಮೊದಲ ಫೋನಿನ್ಯಾಗ ಬಂತು, ಆಮ್ಯಾಲ ನೀ ಬಂದಿ. ಎರಡೂ ಒಂದ ದಾರೀಲೆ ಬಂದಾವ. ಹೋಗು, ದೇಸೂರಿಂದ ಬಾ. ಚಾ ಆವಾಗ ಮಾಡ್ತೀನಿ."

ಹಿತ್ತಲಿನಲ್ಲಿ ಪೇಪರು ಮಗುಚಿದ ಸದ್ದು ಕೇಳಿತು.

ದೇಸೂರಿಗೆ ಬಂದರೆ ಕಾಕಾ ಹೆದ್ದಾರಿಯ ತಿರುವಿನ ಚಹಾದಂಗಡಿಯಲ್ಲೇ ಕೂತಿದ್ದರು.

"ಬಾರಪಾ. ಹತ್ತಕ್ಕ ಆ ಕಡೆ ಹೋದಿ, ಹನ್ನೆರಡಕ್ಕ ಈ ಕಡೆ ಬಂದಿ."

"ನೋಡಿದ್ರೇನ್ರೀ ಕಾಕಾ? ಹೆಲ್ಮೆಟ್ ಹಾಕಿದ್ನಲ್ಲ..."

"ಅಷ್ಟ ದೊಡ್ಡ ರಸ್ತಾದಾಗ ಅಂಚಿನ ದಂಡಿ ಹಿಡದು, ಅಂಜಕೋತ ಗಾಡಿ ಹೊಡಿಯಾಂವ ನೀ ಒಬ್ಬನ. ಮಾರಿ ಯಾಕ ನೋಡಬೇಕು?"

ಕಾಲಿಗೆ ಬಿದ್ದು ಎಲ್ಲ ಒಪ್ಪಿಕೊಂಡೆ. ಕಾಕಾ ಬಯ್ಯಲಿಲ್ಲ. ಮನೆಗೆ ಕರೆದುಕೊಂಡು ಹೋಗಿ, ಎಮ್ಮೆ ತೋರಿಸಿ, ಅದರ ತಾಯಿಯ ಕಥೆ ಹೇಳಿ, ಮಜ್ಜಿಗೆ ಕುಡಿಸಿ, ಆಮೇಲೆ ಕಣಜದಿಂದ ಐದು ಕಾಳು ಆರಿಸಿ ಭರಣಿಗೆ ಹಾಕಿದರು. ಕೊಡುವ ಬದಲು ಭರಣಿಯನ್ನು ತಮ್ಮ ಅಂಗಿಯ ಕಿಸೆಯಲ್ಲಿಟ್ಟುಕೊಂಡರು.

"ನಾನೂ ಬರ್ತೀನಿ. ನಿನ್ನ ಕೈಯಾಗ ಕೊಟ್ರ ಮತ್ತ ಎಲ್ಲೆರ ಹಾರಿ ಹೋಗ್ತಿ."

ಹೆಲ್ಮೆಟ್ಟು ಅವರ ರುಮಾಲಿನ ಮೇಲೆ ಕೂರಲಿಲ್ಲ, ರುಮಾಲು ಬಿಚ್ಚಲು ಅವರು ಒಪ್ಪಲಿಲ್ಲ. ಪೊಲೀಸರು ಹಿಡಿದರೆ ಎಂದು ನಾನು, ಹಿಡಿದರೆ ಅವರನ್ನೂ ನಿಶ್ಚಯಕ್ಕೆ ಕರೆಯೋಣ ಎಂದು ಅವರು. ಕಡೆಗೆ ರುಮಾಲು ಕುತ್ತಿಗೆಗೆ ಬಂತು. ಹೆದ್ದಾರಿ ಬೇಡ, ಹಳೆಯ ದಾರಿ ಹಿಡಿ ಅಂದರು. ಇಪ್ಪತ್ತರ ವೇಗದಲ್ಲಿ ಹೊರಟೆವು. ಕಂಡ ಗದ್ದೆಯೆಲ್ಲ ಯಾರದೆಂದು ಕೇಳಬೇಕಾಯಿತು, ಕಂಡವರಿಗೆಲ್ಲ ನಿಂತು ಮಾತು ಕೊಡಬೇಕಾಯಿತು. ಒಂದು ಸಣ್ಣ ಸೇತುವೆಯ ಮೇಲೆ ಬೆನ್ನು ತಟ್ಟಿ ನಿಲ್ಲಿಸಿದರು.

"ನಿಮ್ಮಪ್ಪ ನಿಮ್ಮಕ್ಕನ ಮದವಿಗೆ ಕರಿಯಾಕ ಹೊಂಟಾಗ ಇಲ್ಲೆ ಸೈಕಲ್ ನಿಂದ್ರಿಸಿ ಕಾಳು ಎಣಿಸಿದ್ದ. ನಾಕ ಇದ್ದೂ. ಬಿಸಲಾಗ ಹೊಳ್ಳಿ ದೇಸೂರಿಗೆ ಬಂದ, ಒಂದ್ ಕಾಳಿಗೆ. ನಾ ಇನ್ನೊಂದ್ ಕೊಟ್ಟೆ. ಆಮ್ಯಾಲ ನೋಡಿದ್ರ ಐದನೇದು ಮುಚ್ಚಳಕ್ಕ ಹತ್ತಿಕೊಂಡಿತ್ತು. ಆರ ಕಾಳು ಒಯ್ದ್ರ ತಪ್ಪೇನು ಅಂತ ರಾತ್ರಿಯೆಲ್ಲಾ ಮಕ್ಕೊಳ್ಳಲಿಲ್ಲಂತ ಮಂಗ್ಯಾ."

ಅಪ್ಪನನ್ನು ನಾನು ಧೈರ್ಯದ ಮನುಷ್ಯ ಎಂದೇ ತಿಳಿದಿದ್ದೆ. ಐವತ್ತೆರಡು ವರ್ಷದಲ್ಲಿ ಈ ಸುದ್ದಿ ನನಗೆ ಯಾರೂ ಹೇಳಿರಲಿಲ್ಲ. ಮೆಲ್ಲಗೆ ಹೇಳಿದೆ: "ಕಾಕಾ, ಭರಣಿ ತಗೀರಿ. ಒಮ್ಮಿ ಎಣಸೂಣು."

ಕಾಕಾ ನಕ್ಕ ರಭಸಕ್ಕೆ ಸ್ಕೂಟರ್ ಅಲ್ಲಾಡಿತು. ಐದೂ ಇದ್ದವು.

ಎರಡೂವರೆಗೆ ಖಾನಾಪುರ ಮುಟ್ಟಿದೆವು. ಕಾಕಾನನ್ನು ಕಂಡು ಅಕ್ಕ ಸೆರಗು ಸರಿಮಾಡಿಕೊಂಡು ಕಾಲಿಗೆ ಬಿದ್ದಳು. ಭರಣಿ ತೆಗೆದಳು, ಬೆರಳಾಡಿಸಿದಳು, ತುಟಿಯಲ್ಲೇ ಎಣಿಸಿದಳು. ಕುಂಕುಮ ತೆಗೆದು ಹಣೆಗೆ ಹಚ್ಚಿಕೊಂಡು ಅಂದಳು: "ಚಾ ಕುಡದು ಹೋಗೂಣು."

"ಹೋಗೂಣು?"

"ಐತವಾರದ ತನಕ ಯಾಕ ಕಾಯೂದು? ಆ ಹುಡಿಗೀಗೆ ಎಣ್ಣಿ ಹಚ್ಚಿ ಎರಿಯಾವ್ರ ಯಾರು, ನೀನಾ?"

ಬಾಗಿಲ ಹಿಂದೆ ಅವಳ ಚೀಲ ತಯಾರಾಗಿ ನಿಂತಿತ್ತು. ಎಷ್ಟು ದಿನದಿಂದ ನಿಂತಿತ್ತೋ. ಅವಳೂ ಕಾಕಾನೂ ಬಸ್ಸಿನಲ್ಲಿ ಹೋದರು, ಕಾಕಾ ದೇಸೂರಿನಲ್ಲಿ ಇಳಿದರು. ಬಸ್ಸಿನ ಹಿಂದೆ ಚೀಲ ಹೊತ್ತು ಸ್ಕೂಟರಿನಲ್ಲಿ ನಾನು.

ಮರುದಿನ ಸಂಜೆ, ಮಗಳು ಬರುವ ಮುಂಚೆ, ಆಟಕ್ಕೆ ಕೂತೆ. ದೋಣಿಗಟ್ಟೆಯ ಮುದುಕಿಯಿಂದ ಮುದ್ರೆ ತರಬೇಕಿತ್ತು. ಹಿಂದಿನ ದಿನದ ಸ್ಕೂಟರ್ ಪ್ರವಾಸದಿಂದ ಸೊಂಟ ಹಿಡಿದಿತ್ತು. ನಿಜ ಹೇಳಬೇಕೆಂದರೆ ಇನ್ನೊಂದು ದಾರಿ ಸವೆಸುವ ಉಮೇದು ಇರಲಿಲ್ಲ. ಮಗಳೇ ಸರಿ ಅನ್ನಿಸಿ ನಕಾಶೆ ತೆಗೆದೆ. ಅಷ್ಟರಲ್ಲಿ ಅಕ್ಕ ಶೇಂಗಾ ಸುಲಿಯುತ್ತ ಬಾಜುವಿನ ಕುರ್ಚಿಗೆ ಬಂದು ಕೂತಳು. ಏನು, ಎತ್ತ ಎಂದು ಕೇಳಿ ತಿಳಿದುಕೊಂಡಳು.

"ಮುದುಕಿ ಮನಿಗೆ ಹಾರಿ ಹೋಗ್ತಿ? ಕುದರಿ ಐತಲ್ಲ?"

ಕುದುರೆ ಹತ್ತಿದೆ. ದಾರಿಯಲ್ಲಿ ಕಂಡ ಕಮ್ಮಾರನನ್ನು ಮಾತಾಡಿಸಲು ಹೇಳಿದಳು, ಮಾತಾಡಿಸಿದೆ. ಕುರಿ ಕಾಯುವವಳನ್ನು ದಾಟಿ ಹೋದರೆ, ಆಕೆ ಏನು ತಿಳಿದುಕೊಂಡಾಳು ಎಂದು ತಿರುಗಿಸಿ ಕರೆತಂದಳು. ಮುದುಕಿಯ ಮನೆಗೆ ಬರಿಗೈಲೆ ಹೋಗುವುದೇ ಎಂದಾಗ, ನನ್ನ ನಲವತ್ತು ರೊಟ್ಟಿಗೆ ಕೊನೆಗೂ ಮರ್ಯಾದೆ ಬಂತು.

ಮಗಳು ಕಾಲೇಜಿನಿಂದ ಬಂದು ಬಾಗಿಲಲ್ಲೇ ನಿಂತಳು. "ಅಪ್ಪಾ, ಇನ್ನೂ ದಾರ್ಯಾಗ ಅದೀಯಾ? ನನ್ನ ಪಾಳಿ ಈಗ!"

"ನಿನ್ನ ನಿಶ್ಚಯ ಆಗೂದ್ರಾಗ ಮುಟ್ಟತೇವಿ, ಸುಮ್ನಿರು," ಅಂದಳು ಅಕ್ಕ. ಆಮೇಲೆ ಪರದೆಯ ಕಡೆ ಬಗ್ಗಿ, ಕಣ್ಣು ಕಿರಿದು ಮಾಡಿ ನನ್ನನ್ನು ಕೇಳಿದಳು: "ಇದಕ್ಕ ನೀರ್ ಕುಡಿಸಿಯೇನು?"

ಮಗಳು ನನ್ನನ್ನು ನೋಡಿದಳು, ನಾನು ಮಗಳನ್ನು. ಆ ಆಟದಲ್ಲಿ ಕುದುರೆ ನೀರು ಕುಡಿಯುವುದಿಲ್ಲ, ಕುಡಿಸುವ ಗುಂಡಿಯೂ ಇಲ್ಲ. ಮಗಳು ಕೀಬೋರ್ಡು ತನ್ನ ಕಡೆ ಎಳೆದುಕೊಂಡು, ಕುದುರೆಯನ್ನು ಹೊಳೆಗೆ ಇಳಿಸಿ, ಅತ್ತೆ ಸಾಕು ಅನ್ನುವವರೆಗೂ ಅಲ್ಲೇ ನಿಲ್ಲಿಸಿದಳು.